ಮಸಿ ಮತ್ತು ಕುಂಚ: ಕಲ್ಯಾಣದಿಂದ ನಾರಾದವರೆಗೆ

ಕನ್ನಡದಲ್ಲಿ ‘ಮಸಿ’ ಎಂಬ ಶಬ್ದಕ್ಕೆ ಎರಡು ಅರ್ಥಗಳುಂಟು. ಒಲೆಯ ಮೇಲಿನ ಗಡಿಗೆಯ ತಳಕ್ಕೆ ಹತ್ತಿದ ಕರಿಯೂ ಮಸಿ. ದೌತಿಯಲ್ಲಿ ತುಂಬಿಟ್ಟು ಬರೆಯಲು ಬಳಸುವ ದ್ರವವೂ ಮಸಿ. ಎರಡನೆಯದು ಮೊದಲನೆಯದರಿಂದ ಹುಟ್ಟಿತೆಂಬುದನ್ನು ನಮ್ಮ ಭಾಷೆ ಇಂದಿಗೂ ನೆನಪಿಟ್ಟುಕೊಂಡಿದೆ. ಬಾಲ್‌ಪೆನ್ನು ಹಿಡಿದ ನಾವು ಮಾತ್ರ ಮರೆತಿದ್ದೇವೆ. ದೂರದ ಜಪಾನಿನ ಭಾಷೆಯಲ್ಲಿಯೂ ಇಂಥದೇ ಒಂದು ಹೊಂದಾಣಿಕೆ ಇರುವುದು ಆಶ್ಚರ್ಯದ ಸಂಗತಿ. ಅಲ್ಲಿ ‘ಸುಮಿ’ ಎಂದರೆ ಬರೆಯುವ ಮಸಿ. ‘ಸುಮಿ’ ಎಂದರೆ ಇದ್ದಲಿಯೂ ಹೌದು. ಬರೆಯುವ ಲಿಪಿಚಿಹ್ನೆಗಳು ಬೇರೆಯಾದರೂ ನಾಲಗೆಗೆ ಎರಡೂ ಒಂದೇ. ಆ ಸುಮಿಯಿಂದ ಬರೆದ ಚಿತ್ರವನ್ನು ‘ಸುಮಿ-ಎ’ ಎಂದು ಕರೆಯುತ್ತಾರೆ. ‘ಸುಯ್‌ಬೊಕುಗ’ ಎಂಬುದು ಅದರ ಇನ್ನೊಂದು ಹೆಸರು. ನೀರು ಮತ್ತು ಮಸಿಯ ಚಿತ್ರವೆಂದು ಅದರ ಅರ್ಥ. ಈ ಹೆಸರಿನಲ್ಲಿ ನೀರಿಗೆ ಮೊದಲ ಸ್ಥಾನ ದೊರೆತಿರುವುದನ್ನು ಓದುಗರು ಗಮನಿಸಬೇಕು.

ಈ ಕಲೆಯ ಬಗೆಗೆ ಬರೆಯುವವರು ಸಾಮಾನ್ಯವಾಗಿ ಝೆನ್ ಬೌದ್ಧಮತದಿಂದ ಆರಂಭಿಸಿ ಮೌನ, ಧ್ಯಾನ, ಶೂನ್ಯಗಳತ್ತ ಹೊರಟುಬಿಡುತ್ತಾರೆ. ಅದು ತಪ್ಪಲ್ಲ. ಆದರೆ ಚಿತ್ರ ಬರೆಯುವ ಕೈಗೆ ಮೊದಲು ಎದುರಾಗುವುದು ಕರಿ, ಅಂಟು, ಕೂದಲು ಮತ್ತು ಕಾಗದ. ಈ ನಾಲ್ಕು ವಸ್ತುಗಳ ಗುಣವನ್ನು ಅರಿಯದೆ ಆ ಚಿತ್ರಗಳ ಅಂದವನ್ನು ಅರಿಯಲಾಗದು ಎಂಬುದು ಈ ಲೇಖಕನ ನಂಬಿಕೆ. ಇವುಗಳಲ್ಲಿ ಮೂರು ನಮ್ಮ ನಾಡಿನಲ್ಲಿ, ಅದೂ ಸೊಲ್ಲಾಪುರ–ಅಕ್ಕಲಕೋಟಗಳ ನೆರೆಯಲ್ಲಿಯೇ, ಒಂಬತ್ತು ಶತಮಾನಗಳ ಹಿಂದೆ ಶಾಸ್ತ್ರಬದ್ಧವಾಗಿ ದಾಖಲಾಗಿದ್ದವು. ನಾಲ್ಕನೆಯದು, ಎಂದರೆ ಕಾಗದ, ಬೇರೆಯಾದುದರಿಂದ ನಮ್ಮ ಚಿತ್ರದ ದಾರಿಯೂ ಅವರ ಚಿತ್ರದ ದಾರಿಯೂ ಬೇರೆಯಾದವು.

ಅಕ್ಕಲಕೋಟದಿಂದ ಈಶಾನ್ಯಕ್ಕೆ ಒಂದು ಹಗಲಿನ ಪ್ರಯಾಣದಷ್ಟೂ ದೂರವಿಲ್ಲದ ಬಸವಕಲ್ಯಾಣವು ಅಂದು ಕಲ್ಯಾಣದ ಚಾಲುಕ್ಯರ ರಾಜಧಾನಿ. ನಮ್ಮ ಸೊನ್ನಲಿಗೆಯೂ ಆ ರಾಜ್ಯದೊಳಗಿನ ಊರು. ಆರನೆಯ ವಿಕ್ರಮಾದಿತ್ಯನ ಮಗನಾದ ಮೂರನೆಯ ಸೋಮೇಶ್ವರನು ಕ್ರಿ.ಶ. ೧೧೨೯ರ ಸುಮಾರಿಗೆ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ‘ಅಭಿಲಷಿತಾರ್ಥಚಿಂತಾಮಣಿ’ ಎಂಬುದು ಅದರ ಇನ್ನೊಂದು ಹೆಸರು. ಅಡುಗೆ, ಆನೆ, ಆಟ, ಸಂಗೀತ ಹೀಗೆ ಅರಸನ ಬಾಳಿಗೆ ಬೇಕಾದ ಎಲ್ಲವನ್ನೂ ನೂರು ಅಧ್ಯಾಯಗಳಲ್ಲಿ ಹೇಳುವ ಈ ಗ್ರಂಥದ ಮೂರನೆಯ ‘ವಿಂಶತಿ’ಯಲ್ಲಿ ಚಿತ್ರಕಲೆಯ ವಿವರಗಳು ಬರುತ್ತವೆ. ಇವು ಬಲ್ಲವರಿಂದ ಕೇಳಿ ಬರೆದ ಕಸುಬಿನ ಮಾತುಗಳೆಂಬುದು ಓದುವಾಗಲೇ ತಿಳಿಯುತ್ತದೆ. ದೀಪದ ಕಾಡಿಗೆಯನ್ನು ಅನ್ನದ ಅಗುಳಿನೊಡನೆ ಅರೆದು ಬತ್ತಿಯಂತೆ ಹೊಸೆದರೆ ರೇಖೆ ಎಳೆಯುವ ‘ವರ್ತಿಕೆ’ ಸಿದ್ಧವಾಗುತ್ತದೆ. ಎಳಗರುವಿನ ಕಿವಿಯ ಕೂದಲನ್ನು ಅರಗಿನಿಂದ ಅಂಟಿಸಿದರೆ ಕುಂಚ. ಅದರಲ್ಲಿಯೂ ದಪ್ಪ, ಮಧ್ಯಮ, ಸಣ್ಣ ಎಂಬ ಭೇದಗಳುಂಟು. ಎಮ್ಮೆಯ ತೊಗಲನ್ನು ಬೆಣ್ಣೆಯಷ್ಟು ಮೆತ್ತಗಾಗುವವರೆಗೆ ನೀರಿನಲ್ಲಿ ಕುದಿಸಿ, ಕಡ್ಡಿಗಳನ್ನಾಗಿ ಮಾಡಿ ಒಣಗಿಸಿದರೆ ‘ವಜ್ರಲೇಪ’. ಬೇಕಾದಾಗ ಈ ಕಡ್ಡಿಯನ್ನು ಬಿಸಿನೀರಿನಲ್ಲಿ ಕರಗಿಸಿ ಬಣ್ಣಕ್ಕೆ ಬೆರೆಸಬೇಕು. ಬಡಿಗರು ಒಲೆಯ ಮೇಲೆ ಕಾಯಿಸಿ ಬಳಸುತ್ತಿದ್ದ, ಕನ್ನಡದಲ್ಲಿ ‘ಮರವಜ್ರ’ವೆಂದೂ ಮರಾಠಿಯಲ್ಲಿ ‘ಸರಸ’ವೆಂದೂ ಕರೆಯುವ ಅಂಟು ಇದೇ ಜಾತಿಯದು. ಸೋಮೇಶ್ವರನ ‘ವಜ್ರ’ವು ನಮ್ಮ ಬಡಿಗನ ಮಾತಿನಲ್ಲಿ ಇನ್ನೂ ಉಳಿದುಕೊಂಡಿದೆ.

ಈಗ ಜಪಾನಿನ ಹಳೆಯ ರಾಜಧಾನಿಯಾದ ನಾರಾ ನಗರಕ್ಕೆ ಹೋಗೋಣ. ಕ್ರಿ.ಶ. ೬೧೦ರಲ್ಲಿ ಕೊರಿಯಾದಿಂದ ಬಂದ ದೊಂಚೊ ಎಂಬ ಬೌದ್ಧ ಭಿಕ್ಷುವು ಕಾಗದ ಮತ್ತು ಮಸಿ ಮಾಡುವ ವಿದ್ಯೆಯನ್ನು ಬಲ್ಲವನಾಗಿದ್ದನೆಂದು ಜಪಾನಿನ ಪ್ರಾಚೀನ ಇತಿಹಾಸಗ್ರಂಥವು ಹೇಳುತ್ತದೆ. ನಾರಾದ ದೇವಾಲಯಗಳಲ್ಲಿ ಬೆಳೆದ ಈ ಕಸುಬು ಮುಂದೆ ಅಂಗಡಿಗಳಿಗೆ ಬಂದಿತು. ೧೫೭೭ರಲ್ಲಿ ಆರಂಭವಾದ ‘ಕೊಬಾಯೆನ್’ ಎಂಬ ಮಸಿಯ ಮನೆ ಅಲ್ಲಿ ಇಂದಿಗೂ ನಡೆಯುತ್ತಿದೆ. ಜಪಾನಿನ ಗಟ್ಟಿಮಸಿಯಲ್ಲಿ ಬಹುಪಾಲು ಈಗಲೂ ನಾರಾದ್ದೇ. ಅಲ್ಲಿ ಕತ್ತಲೆಯ ಕೋಣೆಯಲ್ಲಿ ಮಣ್ಣಿನ ಹಣತೆಗಳ ಸಾಲು ಉರಿಯುತ್ತಿರುತ್ತದೆ. ಪ್ರತಿ ಹಣತೆಯ ಮೇಲೂ ಬೋರಲು ಹಾಕಿದ ಮಣ್ಣಿನ ಮುಚ್ಚಳ. ಜ್ವಾಲೆಯ ಕರಿ ಒಂದೇ ಕಡೆ ದಟ್ಟವಾಗಿ ಕೂಡದಂತೆ ಕೆಲಸಗಾರನು ಮುಚ್ಚಳಗಳನ್ನು ಆಗಾಗ್ಗೆ ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ಹೋಗುತ್ತಾನೆ. ಬತ್ತಿ ತೆಳುವಾದಷ್ಟೂ ಜ್ವಾಲೆ ಚಿಕ್ಕದು, ಜ್ವಾಲೆ ಚಿಕ್ಕದಾದಷ್ಟೂ ಕರಿ ನುಣುಪು. ನಮ್ಮ ಅಜ್ಜಿಯರು ಔಡಲೆಣ್ಣೆಯ ದೀಪದ ಮೇಲೆ ತಾಮ್ರದ ಬಟ್ಟಲನ್ನು ಬೋರಲಿಟ್ಟು ಮಗುವಿನ ಕಣ್ಣಿಗೆ ಕಾಡಿಗೆ ಹಿಡಿಯುತ್ತಿದ್ದುದನ್ನು ಕಂಡವರಿಗೆ ಈ ವಿಧಾನದಲ್ಲಿ ಹೊಸದೇನೂ ತೋರದು. ಅಲ್ಲಿಯ ಎಣ್ಣೆ ಸಾಸಿವೆಯ ಬಳಗದ ಬೀಜದ್ದೋ ಎಳ್ಳಿನದೋ ಆಗಿರುತ್ತದೆ, ಅಷ್ಟೇ.

ಕರಿಯಲ್ಲಿಯೂ ಎರಡು ಜಾತಿ. ಎಣ್ಣೆಯ ದೀಪದಿಂದ ಬಂದ ಕರಿಯ ಕಣಗಳು ಅತಿ ಸೂಕ್ಷ್ಮ. ಅದರ ಮಸಿಯನ್ನು ನೀರಿನಲ್ಲಿ ತೆಳುವಾಗಿಸಿದರೆ ತುಸು ಕಂದು ಛಾಯೆ ತೋರುತ್ತದೆ. ರಾಳ ತುಂಬಿದ ದೇವದಾರು ಜಾತಿಯ ‘ಪೈನ್’ ಕಟ್ಟಿಗೆಯನ್ನು ಸುಟ್ಟು ಹಿಡಿದ ಕರಿಯ ಕಣಗಳು ದೊಡ್ಡವು, ಒಂದರಂತೆ ಒಂದಿರುವುದಿಲ್ಲ. ಆ ಮಸಿಯನ್ನು ತೆಳುವಾಗಿಸಿದರೆ ನೀಲಿ ಛಾಯೆ. ಮಂಜು ಕವಿದ ಬೆಟ್ಟವನ್ನು ಬರೆಯುವವನು ಎರಡನೆಯದನ್ನು ಆರಿಸಿಕೊಳ್ಳಬಹುದು. ಮಸಿಗೆ ಐದು ಬಣ್ಣಗಳುಂಟೆಂದು ಚೀನಾ–ಜಪಾನುಗಳಲ್ಲಿ ಹೇಳುವ ಮಾತು ಬರಿಯ ಕವಿಕಲ್ಪನೆಯಲ್ಲ; ಅದರ ಹಿಂದೆ ಕಣದ ಗಾತ್ರವೂ ನೀರಿನ ಪ್ರಮಾಣವೂ ಇವೆ.

ಬರಿಯ ಕರಿ ನೀರಿನಲ್ಲಿ ಕರಗುವುದಿಲ್ಲ, ಮೇಲೆ ತೇಲುತ್ತದೆ. ಅದನ್ನು ನೀರಿಗೆ ಒಗ್ಗಿಸಿ ಕಾಗದಕ್ಕೆ ಹಿಡಿಸುವುದು ಅಂಟಿನ ಕೆಲಸ. ‘ನಿಕಾವ’ ಎಂಬ ಜಪಾನಿನ ಅಂಟು ಕೂಡ ತೊಗಲನ್ನು ಕುದಿಸಿಯೇ ತೆಗೆದದ್ದು, ಸೋಮೇಶ್ವರನ ವಜ್ರಲೇಪದ ಸೋದರ. ಸಾಮಾನ್ಯವಾಗಿ ಹತ್ತು ಭಾಗ ಕರಿಗೆ ಆರು ಭಾಗ ಅಂಟು ತೂಗಿ, ಬಿಸಿನೀರಿನ ಪಾತ್ರೆಯೊಳಗಿಟ್ಟು ಕರಗಿಸಿದ ಅಂಟನ್ನು ಕರಿಗೆ ಸುರಿದು, ರೊಟ್ಟಿಯ ಹಿಟ್ಟಿನಂತೆ ಕೈಯಿಂದಲೂ ಕಾಲಿನಿಂದಲೂ ನಾದುತ್ತಾರೆ. ತೊಗಲಿನ ವಾಸನೆ ಅಡಗಲೆಂದು ಕರ್ಪೂರದಂಥ ಸುಗಂಧವನ್ನು ಸೇರಿಸುತ್ತಾರೆ. ಬೇಸಿಗೆಯಲ್ಲಿ ಅಂಟು ಕೊಳೆಯುವುದರಿಂದ ಈ ಕೆಲಸ ನಡೆಯುವುದು ಚಳಿಗಾಲದ ತಿಂಗಳುಗಳಲ್ಲಿ ಮಾತ್ರ. ನಾದಿದ ಮುದ್ದೆಯನ್ನು ಮರದ ಅಚ್ಚಿಗೆ ಒತ್ತಿ ತೆಗೆದ ಮೇಲೆ ಬಿಸಿಲಿಗೆ ಇಡುವುದಿಲ್ಲ, ಇಟ್ಟರೆ ಸೀಳಿಹೋಗುತ್ತದೆ. ಮೊದಲು ತುಸು ತೇವದ ಬೂದಿಯಲ್ಲಿ ಹೂಳಿ, ದಿನದಿನಕ್ಕೂ ಹೆಚ್ಚು ಒಣಗಿದ ಬೂದಿಗೆ ಬದಲಿಸಿ, ಆಮೇಲೆ ಹುಲ್ಲಿನ ದಾರದಿಂದ ಕಟ್ಟಿ ತಿಂಗಳುಗಟ್ಟಲೆ ಗಾಳಿಗೆ ತೂಗುಹಾಕುತ್ತಾರೆ. ಹೀಗೆ ಸಿದ್ಧವಾದ ಮಸಿಕಡ್ಡಿ ಹಳತಾದಷ್ಟೂ ಬೆಲೆಯುಳ್ಳದ್ದು; ವರ್ಷಗಳು ಕಳೆದಂತೆ ಅಂಟಿನ ಬಿಗಿ ಸಡಿಲಿ ಮಸಿಯು ನೀರಿನಲ್ಲಿ ಹೆಚ್ಚು ಸಲೀಸಾಗಿ ಹರಡುತ್ತದೆ.

ಅಂಗಾರವು ಮಾಸುವ ವಸ್ತುವಲ್ಲ. ನಾರಾದ ಅರಮನೆಯ ನೆಲದಲ್ಲಿ ಅಗೆದಾಗ ದೊರೆತ ಎಂಟನೆಯ ಶತಮಾನದ ಮರದ ಚೀಟಿಗಳ ಮೇಲಿನ ಬರಹವನ್ನು ಇಂದಿಗೂ ಓದಬಹುದಾಗಿದೆ. ನಮ್ಮ ಕಡೆಯ ಮೋಡಿ ಲಿಪಿಯ ದಫ್ತರಗಳ ಅಕ್ಷರ ಕಪ್ಪಾಗಿಯೇ ಉಳಿದಿರುವುದಕ್ಕೂ ಕರಿಯ ಮಸಿಯೇ ಕಾರಣ. ಅಜ್ಜನ ಕಾಲದ ಕಾಗದಪತ್ರ ನಿಚ್ಚಳವಾಗಿದ್ದು ಮೊಮ್ಮಗನ ನೀಲಿ ಶಾಯಿಯ ವಹಿ ಮಾಸಿಹೋಗಿರುವುದನ್ನು ಅನೇಕ ಮನೆಗಳಲ್ಲಿ ಕಾಣಬಹುದು.

ಮಸಿಕಡ್ಡಿಯನ್ನು ತೇಯುವ ಕಲ್ಲಿಗೆ ‘ಸುಜುರಿ’ ಎಂದು ಹೆಸರು. ದೇವರ ಮನೆಯಲ್ಲಿ ಸಾಣೆಕಲ್ಲಿನ ಮೇಲೆ ಗಂಧ ತೇಯುವುದನ್ನು ಬಲ್ಲ ನಮಗೆ ಇದನ್ನು ಬಹಳವಾಗಿ ವಿವರಿಸಬೇಕಾಗಿಲ್ಲ. ಕಲ್ಲಿನ ಒಂದು ತುದಿ ತಗ್ಗು, ಅದು ‘ಸಮುದ್ರ’. ಉಳಿದದ್ದು ಸಮತಲ, ಅದು ‘ನೆಲ’. ನೆಲದ ಮೇಲೆ ಕೆಲವೇ ಹನಿ ನೀರು ಹಾಕಿ, ಭಾರ ಹೇರದೆ, ಅವಸರಿಸದೆ ಸುತ್ತಿಸುತ್ತ ತೇಯಬೇಕು. ದಟ್ಟವಾದದ್ದನ್ನು ಸಮುದ್ರಕ್ಕೆ ಇಳಿಸಬೇಕು. ಒತ್ತಿ ತೇದರೆ ಕಣ ಒರಟಾಗುತ್ತದೆ. ತೇದ ಮಸಿ ಅಂದಿನದು ಅಂದಿಗೆ. ಮರುದಿನಕ್ಕೆ ಅದು ಕೆಡುತ್ತದೆ. ಸೀಸೆಯ ಮಸಿ ಬಂದು ಈ ಶ್ರಮ ತಪ್ಪಿತು ನಿಜ. ಆದರೆ ತೇಯುವ ಆ ಹತ್ತು ಹದಿನೈದು ನಿಮಿಷಗಳಲ್ಲಿಯೇ ಭುಜ ಸಡಿಲಿ, ಬರೆಯಬೇಕಾದ ಚಿತ್ರ ಮನಸ್ಸಿನಲ್ಲಿ ನೆಲೆಗೊಳ್ಳುತ್ತದೆಂದು ಬಲ್ಲವರು ಹೇಳುತ್ತಾರೆ.

ಇಲ್ಲಿಯವರೆಗಿನ ಎಲ್ಲ ವಸ್ತುಗಳೂ ನಮಗೆ ಪರಿಚಿತವಾದವೇ. ಹಾಗಾದರೆ ಕಲ್ಯಾಣದ ನಾಡಿನಲ್ಲಿ ಮಸಿಚಿತ್ರವೇಕೆ ಹುಟ್ಟಲಿಲ್ಲ? ಸೋಮೇಶ್ವರನ ಚಿತ್ರಕಾರನಿಗೆ ಗೋಡೆಯಿತ್ತು, ಹಲಗೆಯಿತ್ತು. ಅವುಗಳ ಮೇಲೆ ವಜ್ರಲೇಪ ಬೆರೆತ ಬಿಳಿಮಣ್ಣಿನ ಲೇಪವಿತ್ತು. ಅಂಥ ನೆಲೆಗೆ ತಕ್ಕುದು ಮೊದಲು ರೇಖೆ, ಆಮೇಲೆ ಬಣ್ಣ. ಮುಂದೆ ಕಾಗದ ಬಂದಾಗಲೂ ಈ ಸ್ಥಿತಿ ಬದಲಾಗಲಿಲ್ಲ. ದೌಲತಾಬಾದಿನ ಬಳಿಯ ಕಾಗಜೀಪುರ, ಪುಣೆಯ ಆಚೆಯ ಜುನ್ನರ ಮೊದಲಾದ ಕಡೆಗಳಲ್ಲಿ ತಯಾರಾಗುತ್ತಿದ್ದ ದಖ್ಖನಿನ ಕಾಗದಕ್ಕೆ ಗಂಜಿ ಹಾಕಿ, ಒಣಗಿಸಿ, ನುಣುಪಾದ ಕಲ್ಲಿನಿಂದ ಉಜ್ಜಿ ಹೊಳಪು ಕೊಡುತ್ತಿದ್ದರು. ಹಾಸಿನ ನೂಲಿಗೆ ಗಂಜಿ ಏಕೆ ಹಾಕುತ್ತಾರೆಂಬುದನ್ನು ಸೊಲ್ಲಾಪುರದ ಓದುಗರಿಗೆ ಹೇಳಬೇಕಿಲ್ಲ. ಎಳೆ ಬಿಗಿಯಾಗುತ್ತದೆ, ಎದ್ದ ನಾರು ಅಡಗುತ್ತದೆ. ಕಾಗದಕ್ಕೂ ಅದೇ ಆಗುತ್ತದೆ. ಲಾಳಿಕೆಯ ‘ಬೋರು’ ಲೇಖನಿ ಅದರ ಮೇಲೆ ತಡೆಯಿಲ್ಲದೆ ಜಾರಿ, ಕೈ ಎತ್ತದೆ ಮೋಡಿ ಬರೆಯಲು ಅನುಕೂಲವಾಗುತ್ತದೆ. ಆದರೆ ಮಸಿ ಒಳಗಿಳಿಯದೆ ಮೇಲೆಯೇ ನಿಲ್ಲುತ್ತದೆ. ಅದಕ್ಕಾಗಿಯೇ ಬರೆದ ಹಸಿ ಸಾಲಿನ ಮೇಲೆ ಮರಳು ಉದುರಿಸುವ ಪದ್ಧತಿಯಿತ್ತು.

ಜಪಾನಿನ ಕಾಗದ ಇದಕ್ಕೆ ತದ್ವಿರುದ್ಧ. ಹಿಪ್ಪುನೇರಳೆಯ ಬಳಗಕ್ಕೆ ಸೇರಿದ ‘ಕೊಜೊ’ ಮೊದಲಾದ ಗಿಡಗಳ ತೊಗಟೆಯ ಉದ್ದನೆಯ ನಾರಿನಿಂದ ಮಾಡಿದ ಈ ಕಾಗದವನ್ನು ಗಂಜಿ ಹಾಕದೆ ಹಾಗೆಯೇ ಬಿಟ್ಟರೆ, ಹನಿ ಬಿದ್ದೊಡನೆ ಒಣನೆಲದಂತೆ ಕುಡಿದುಬಿಡುತ್ತದೆ. ನೀರು ನಾರುಗಳ ಗುಂಟ ಸುತ್ತ ಹರಿಯುತ್ತದೆ. ಕರಿಯ ಕಣಗಳಲ್ಲಿ ಭಾರವಾದವು ಕುಂಚ ತಾಗಿದ ಸ್ಥಳದಲ್ಲಿಯೇ ಉಳಿಯುತ್ತವೆ, ಸೂಕ್ಷ್ಮವಾದವು ನೀರಿನೊಡನೆ ಸ್ವಲ್ಪ ದೂರ ಸಾಗುತ್ತವೆ. ಆದುದರಿಂದ ಒಣಗಿದ ಮೇಲೂ ಪ್ರತಿ ಎಳೆತದ ನಡುವಿನ ಗಟ್ಟಿ ಭಾಗ ಮತ್ತು ಅದರ ಸುತ್ತಲಿನ ಮಬ್ಬು ಎರಡೂ ಬೇರೆಬೇರೆಯಾಗಿ ಕಾಣುತ್ತವೆ. ಇದಕ್ಕೆ ‘ನಿಜಿಮಿ’ ಎನ್ನುತ್ತಾರೆ. ಇನ್ನೂ ಒಂದು ವಿಚಿತ್ರವುಂಟು. ಒಂದು ಎಳೆತದ ಮೇಲೆ ಇನ್ನೊಂದನ್ನು ಎಳೆದರೆ, ಮೊದಲು ಎಳೆದದ್ದು ಮುಂದೆ, ಆಮೇಲೆ ಎಳೆದದ್ದು ಹಿಂದೆ ಇದ್ದಂತೆ ತೋರುತ್ತದೆ; ಮೊದಲ ಮಸಿಯ ಅಂಟು ನಾರುಗಳನ್ನು ಆಗಲೇ ಹಿಡಿದಿರುವುದರಿಂದ ಎರಡನೆಯದು ಅಲ್ಲಿ ಒಳಹೊಗಲಾರದು. ಎಣ್ಣೆಬಣ್ಣದಲ್ಲಿ ಹಿಂದಿನದನ್ನು ಮುಚ್ಚುತ್ತ ಮುಂದೆ ಬರುತ್ತೇವೆ. ಇಲ್ಲಿ ಹತ್ತಿರದ ಕೊಂಬೆಯನ್ನು ಮೊದಲು ಬರೆದು ದೂರದ ಬೆಟ್ಟಕ್ಕೆ ಆಮೇಲೆ ಹೋಗಬೇಕು. ತಪ್ಪಿದ ರೇಖೆಯನ್ನು ಮುಚ್ಚುವ ಉಪಾಯವೇ ಇಲ್ಲ. ಕಾಗದ ಇಷ್ಟೊಂದು ಕುಡಿಯುವುದು ಬೇಡವೆನಿಸಿದಾಗ ಅಂಟು ಮತ್ತು ಪಟಿಕವನ್ನು ಕರಗಿಸಿದ ನೀರನ್ನು ಬಳಿಯುತ್ತಾರೆ; ಸೂಕ್ಷ್ಮ ರೇಖೆಯ ಬಣ್ಣದ ಚಿತ್ರಗಳಿಗೆ ಅದೇ ಬೇಕು.

ಈ ಕಾಗದಕ್ಕೆ ತಕ್ಕ ಕುಂಚವೂ ಬೆಳೆಯಿತು. ಹಿಡಿ ಬಿದಿರಿನದು. ಆಡಿನ ಕೂದಲು ಮೆತ್ತಗೆ, ಬಹಳ ನೀರು ಹಿಡಿಯುತ್ತದೆ. ಕುದುರೆ, ಮುಂಗುಸಿಯನ್ನು ಹೋಲುವ ‘ಇತಾಚಿ’ ಮೊದಲಾದ ಪ್ರಾಣಿಗಳ ಕೂದಲು ಬಿಗುವಾದದ್ದು, ಬಾಗಿದ ಕೂಡಲೇ ನೆಟ್ಟಗಾಗುತ್ತದೆ. ನಡುವೆ ಬಿಗುಪಾದ ಕೂದಲು, ಸುತ್ತ ಮೆತ್ತನೆಯದು ಹೀಗೆ ಬೆರೆಸಿ ಕಟ್ಟಿದ ಕುಂಚವು ಹೊಟ್ಟೆಯಲ್ಲಿ ನೀರನ್ನು ತುಂಬಿಕೊಂಡೂ ತುದಿಯನ್ನು ಸೂಜಿಯಂತೆ ಉಳಿಸಿಕೊಳ್ಳುತ್ತದೆ. ಪಾಶ್ಚಾತ್ಯ ಜಲವರ್ಣದ ಕುಂಚಗಳಲ್ಲಿ ದಪ್ಪ ಕೆಲಸಕ್ಕೊಂದು, ಸಣ್ಣ ಕೆಲಸಕ್ಕೊಂದು ಬೇಕು. ಇಲ್ಲಿ ಒಂದೇ ಕುಂಚವನ್ನು ಒತ್ತಿದರೆ ದಪ್ಪ, ಎತ್ತಿದರೆ ಎಳೆ.

ಕುಂಚ ಹಿಡಿಯುವ ಕ್ರಮವನ್ನು ಮಾತಿನಲ್ಲಿ ಹೇಳುವುದು ಕಷ್ಟ, ಆದರೂ ಪ್ರಯತ್ನಿಸಬಹುದು. ಪೆನ್ನಿನಂತೆ ಓರೆಯಾಗಿ ಹಿಡಿಯದೆ, ಕಾಗದಕ್ಕೆ ಲಂಬವಾಗಿ, ನಡುಭಾಗದಲ್ಲಿ ಬೆರಳುಗಳಿಂದ ಹಿಡಿಯಬೇಕು. ಅಂಗೈಯೊಳಗೆ ಒಂದು ನಿಂಬೆಹಣ್ಣಿನಷ್ಟು ಜಾಗ ಖಾಲಿಯಿರಬೇಕು. ಮಣಿಕಟ್ಟು ಕಾಗದಕ್ಕೆ ತಾಗಬಾರದು. ಚಲನೆ ಭುಜದಿಂದ ಬರಬೇಕು. ಅಂಗಳದಲ್ಲಿ ಬಗ್ಗಿ ನಿಂತು ರಂಗೋಲಿ ಎಳೆಯುವ ಹೆಣ್ಣುಮಗಳನ್ನು ಗಮನಿಸಿದರೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಅವಳ ಕೈಗೆ ನೆಲದ ಆಸರೆಯಿಲ್ಲ, ಪುಡಿ ಬೆರಳ ಸಂದಿಯಿಂದ ಒಂದೇ ಸಮನಾಗಿ ಸೋರುತ್ತದೆ, ನಡುವೆ ಅನುಮಾನಿಸಿ ನಿಂತರೆ ಅಲ್ಲೊಂದು ಗುಡ್ಡೆ ಬೀಳುತ್ತದೆ. ಕುಂಚವೂ ಹಾಗೆಯೇ, ಅನುಮಾನಿಸಿದಲ್ಲಿ ಕಾಗದ ಮಸಿಯನ್ನು ಕುಡಿದು ಚುಕ್ಕೆಯಾಗುತ್ತದೆ. ಸೋಮೇಶ್ವರನು ಚಿತ್ರಗಳ ಭೇದಗಳನ್ನು ಹೇಳುವಾಗ ‘ಧೂಳಿಚಿತ್ರ’ವೆಂದು ರಂಗೋಲಿಗೂ ಅವುಗಳ ಸಾಲಿನಲ್ಲಿ ಸ್ಥಾನ ಕೊಟ್ಟಿದ್ದಾನೆ. ನಮ್ಮ ಚಿತ್ರಕಲಾ ಪುಸ್ತಕಗಳು ಅದನ್ನು ಇಂದಿಗೂ ‘ಮನೆಗೆಲಸ’ದ ಸಾಲಿನಲ್ಲಿಯೇ ಇಟ್ಟಿರುವುದು ವಿಷಾದನೀಯ.

ಕುಂಚವನ್ನು ನೆಟ್ಟಗೆ ನಡೆಸಿದರೆ ರೇಖೆ, ಓರೆಯಾಗಿ ಮಲಗಿಸಿ ನಡೆಸಿದರೆ ಅಗಲವಾದ ಪಟ್ಟೆ. ಈ ಎರಡರ ಜೊತೆಗೆ ಮಸಿ ತುಂಬುವ ಕ್ರಮವೂ ಸೇರಿದಾಗ ಚಮತ್ಕಾರ ನಡೆಯುತ್ತದೆ. ಮೊದಲು ಇಡೀ ಕುಂಚವನ್ನು ತೆಳು ಮಸಿಯಲ್ಲಿ ಅದ್ದಿ, ತುಸು ಹಿಂಡಿ, ಅರ್ಧದವರೆಗೆ ನಡುಛಾಯೆಯ ಮಸಿಯನ್ನು ಹೀರಿಸಿ, ಕೊನೆಗೆ ತುದಿಗೆ ಮಾತ್ರ ದಟ್ಟ ಮಸಿಯನ್ನು ತಾಗಿಸುತ್ತಾರೆ. ಹೀಗೆ ತುಂಬಿದ ಕುಂಚವನ್ನು ಮಲಗಿಸಿ ಒಮ್ಮೆ ಎಳೆದರೆ ಒಂದು ಅಂಚು ಕಪ್ಪು, ಇನ್ನೊಂದು ಅಂಚು ಬೆಳಕು. ಬಿದಿರಿನ ಕೋಲು ದುಂಡಗಾಗಿ ಎದ್ದುನಿಲ್ಲುತ್ತದೆ. ಬಿದಿರನ್ನು ಬುಡದಿಂದ ಮೇಲಕ್ಕೆ, ಅದು ಬೆಳೆಯುವ ದಿಕ್ಕಿನಲ್ಲಿಯೇ ಬರೆಯಬೇಕು. ಒಂದು ಗೆಣ್ಣಿನ ಬಳಿ ತಡೆದು ಒತ್ತಬೇಕು, ಎತ್ತಬೇಕು, ಕೂದಲೆಳೆಯಷ್ಟು ಜಾಗ ಬಿಟ್ಟು ಮುಂದಿನ ತುಂಡನ್ನು ಆರಂಭಿಸಬೇಕು. ಎಲೆಗೆ ಒತ್ತಿ ಎಳೆದು ಗಾಳಿಯಲ್ಲಿ ಬಿಡುವ ಒಂದೇ ಚಲನೆ. ಬಿದಿರು, ಆರ್ಕಿಡ್, ಪ್ಲಮ್ ಹೂವು ಮತ್ತು ಸೇವಂತಿಗೆ, ಈ ನಾಲ್ಕನ್ನು ಸಜ್ಜನರೆಂದು ಕರೆದು ಅಭ್ಯಾಸದ ಮೊದಲ ಪಾಠಗಳನ್ನಾಗಿ ಇಟ್ಟಿದ್ದಾರೆ. ಕುಂಚದ ಎಲ್ಲ ಚಲನೆಗಳೂ ಈ ನಾಲ್ಕರಲ್ಲಿ ಬಂದುಹೋಗುವುದೇ ಅದಕ್ಕೆ ಕಾರಣ.

ಉಳಿದ ತಂತ್ರಗಳನ್ನು ಚಿಕ್ಕದಾಗಿ ಹೇಳಬಹುದು. ಕಡಮೆ ಮಸಿಯ ಒಣಕುಂಚವನ್ನು ವೇಗವಾಗಿ ಎಳೆದಾಗ ನಡುನಡುವೆ ಬಿಳಿ ಉಳಿಯುವುದು ‘ಕಸುರೆ’. ಒರಟು ತೊಗಟೆ, ಕಲ್ಲುಬಂಡೆಗಳಿಗೆ ಅದು ಒದಗುತ್ತದೆ. ಕಪ್ಪಿನಿಂದ ಬಿಳಿಗೆ ಸಂದು ಕಾಣದಂತೆ ಇಳಿಯುವುದು ‘ಬೊಕಾಶಿ’. ಇನ್ನೂ ಹಸಿಯಾಗಿರುವ ತೆಳು ಮಸಿಯೊಳಗೆ ದಟ್ಟ ಮಸಿಯ ಹನಿಯನ್ನು ಬಿಟ್ಟು ಅದು ತಾನಾಗಿ ಹರಡಲು ಬಿಡುವುದು ‘ತರಾಶಿಕೊಮಿ’. ತೆಳು ಮಸಿಯ ಮೇಲೆ ದಟ್ಟ ಮಸಿಯನ್ನು ಹೊಡೆದು ರೂಪವನ್ನು ಒಡೆದು ತೋರಿಸುವ ಕ್ರಮಕ್ಕೆ ‘ಹಬೊಕು’ ಎಂದು ಹೆಸರು. ೧೪೬೭ರಿಂದ ೧೪೬೯ರವರೆಗೆ ಚೀನಾದಲ್ಲಿದ್ದು ಬಂದ ಸೆಶ್ಶು ಎಂಬ ಭಿಕ್ಷು–ಚಿತ್ರಕಾರನು ತನ್ನ ಎಪ್ಪತ್ತರ ಹರೆಯದಲ್ಲಿ, ೧೪೯೫ರಲ್ಲಿ, ಈ ಕ್ರಮದಿಂದ ಬರೆದ ನಿಸರ್ಗಚಿತ್ರವು ಟೋಕಿಯೋದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ. ಮೊದಲು ನೋಡಿದಾಗ ಕೆಲವು ಕಲೆಗಳು ಮಾತ್ರ. ಸ್ವಲ್ಪ ಹೊತ್ತು ನೋಡುತ್ತಿದ್ದರೆ ಬಂಡೆ, ಅದರ ಮೇಲಿನ ಮರಗಳು, ಕೆಳಗೆ ಒಂದು ಮನೆಯ ಮಾಡು, ನೀರಿನಲ್ಲಿ ಒಂದು ದೋಣಿ ಮೂಡಿಬರುತ್ತವೆ. ಕಾಗದದ ಬಹುಭಾಗವನ್ನು ಕುಂಚ ಮುಟ್ಟಿಯೇ ಇಲ್ಲ. ಆ ಮುಟ್ಟದ ಭಾಗವೇ ನೀರು, ಮಂಜು, ಆಕಾಶ.

ಈ ಖಾಲಿ ಜಾಗಕ್ಕೆ ಕನ್ನಡದಲ್ಲಿ ಯಾವ ಶಬ್ದವನ್ನು ಬಳಸಬೇಕು? ‘ಖಾಲಿ’ ಎಂದರೆ ಏನೋ ಇಲ್ಲವಾದಂತೆ. ಅಲ್ಲಮಪ್ರಭುಗಳ ಮತ್ತು ನಮ್ಮ ಸೊನ್ನಲಿಗೆಯ ಸಿದ್ಧರಾಮರ ನಾಡಿನವರಾದ ನಮಗೆ ‘ಬಯಲು’ ಎಂಬ ಶಬ್ದ ಸಿದ್ಧವಾಗಿದೆ. ಶರಣರ ಬಯಲೂ ಝೆನ್ ಭಿಕ್ಷುವಿನ ಶೂನ್ಯವೂ ಒಂದೇ ಎಂದು ಹೇಳುವ ಧೈರ್ಯ ನನಗಿಲ್ಲ, ಅದು ತತ್ತ್ವಜ್ಞರ ವಿಷಯ. ಆದರೆ ಚಿತ್ರದಲ್ಲಿ ಬರೆಯದೆ ಬಿಟ್ಟ ಸ್ಥಳವೂ ಚಿತ್ರವೇ ಎಂಬುದನ್ನು ಹೇಳಲು ಇದಕ್ಕಿಂತ ಒಳ್ಳೆಯ ಮಾತು ನಮ್ಮಲ್ಲಿ ಇಲ್ಲ.

ಜಪಾನಿನ ಈ ಕುಂಚಕ್ಕೂ ಕನ್ನಡಿಗರಿಗೂ ನಡುವೆ ಒಂದು ಪ್ರತ್ಯಕ್ಷ ಸಂಬಂಧವೂ ಇದೆ; ಅದು ಕಲ್ಕತ್ತೆಯ ಮೂಲಕ ಬಂದದ್ದು. ೧೯೦೨ರಲ್ಲಿ ಜಪಾನಿನ ಕಲಾಚಿಂತಕ ಒಕಾಕುರ ಭಾರತಕ್ಕೆ ಬಂದನು. ಮರುವರ್ಷ ಅವನ ಶಿಷ್ಯರಾದ ಯೊಕೊಯಾಮ ತೈಕಾನ್ ಮತ್ತು ಹಿಶಿದ ಶುನ್‌ಸೊ ಎಂಬ ಚಿತ್ರಕಾರರು ಬಂದು ಠಾಕೂರರ ಮನೆಯವರೊಡನೆ ಬೆರೆತರು. ತೈಕಾನನು ನೀರಿನ ಅಗಲ ಕುಂಚದಿಂದ ಚಿತ್ರವನ್ನು ತೋಯಿಸುವುದನ್ನು ಕಂಡ ಅವನೀಂದ್ರನಾಥ ಠಾಕೂರರು ಒಂದು ಹೆಜ್ಜೆ ಮುಂದೆ ಹೋಗಿ ಇಡೀ ಹಾಳೆಯನ್ನೇ ನೀರಿನಲ್ಲಿ ಅದ್ದತೊಡಗಿದರು. ಬಣ್ಣ ಹಾಕುವುದು, ಅದ್ದುವುದು, ಒಣಗಿಸುವುದು, ಮತ್ತೆ ಹಾಕುವುದು, ಹೀಗೆ ‘ವಾಶ್’ ಪದ್ಧತಿ ರೂಪುಗೊಂಡಿತು. ಮೈಸ್ಸೂರಿನ ಚಿತ್ರಗಾರ ಮನೆತನದಲ್ಲಿ ೧೮೮೬ರಲ್ಲಿ ಹುಟ್ಟಿದ ಕೆ. ವೆಂಕಟಪ್ಪನವರು ೧೯೦೯ರಿಂದ ಏಳು ವರ್ಷಗಳ ಕಾಲ ಅವನೀಂದ್ರನಾಥರ ಬಳಿ ಕಲಿತು ಮೈಸೂರಿಗೆ ಮರಳಿದರು. ಮುಂದೆ ಅವರು ಬರೆದ ಊಟಿ, ಕೊಡೈಕೆನಾಲುಗಳ ನಿಸರ್ಗಚಿತ್ರಗಳಲ್ಲಿ ಮಂಜು ಇಳಿಯುವ ರೀತಿಯನ್ನು ನೋಡಿದವರಿಗೆ ನೀರನ್ನು ಅವರು ಎಷ್ಟು ಚೆನ್ನಾಗಿ ಅರಿತಿದ್ದರೆಂಬುದು ತಿಳಿಯುತ್ತದೆ. ಅವು ಮಸಿಚಿತ್ರಗಳಲ್ಲ, ಬಣ್ಣದವು. ನೀರಿಗೆ ಸಲ್ಲಬೇಕಾದ ಗೌರವ ಮಾತ್ರ ಅದೇ. ಬೆಂಗಳೂರಿನ ವೆಂಕಟಪ್ಪ ಕಲಾಶಾಲೆಯಲ್ಲಿ ಅವರ ಕೃತಿಗಳಿವೆ. ಅತ್ತ ೧೯೧೬ರಲ್ಲಿ ಬಂದ ಅರಾಯ್ ಕಂಪೊ ಎಂಬ ಜಪಾನೀ ಚಿತ್ರಕಾರನು ಕಲ್ಕತ್ತೆಯಲ್ಲಿ ಕುಂಚಗಾರಿಕೆಯನ್ನು ಕಲಿಸಿದ್ದಲ್ಲದೆ, ನಮ್ಮ ಮಹಾರಾಷ್ಟ್ರದ ಅಜಂತೆಗೆ ಬಂದು ಭಿತ್ತಿಚಿತ್ರಗಳ ಪ್ರತಿಗಳನ್ನು ಬರೆದುಕೊಂಡು ಹೋದನು. ಕೊಡುವುದೂ ಕೊಳ್ಳುವುದೂ ಎರಡೂ ಕಡೆಯಿಂದ ನಡೆಯಿತು.

ಇಷ್ಟನ್ನೂ ಶಾಲೆಯ ಸುವರ್ಣ ಮಹೋತ್ಸವದ ಸಂಚಿಕೆಯಲ್ಲಿ ಹೇಳುವುದಕ್ಕೆ ಕಾರಣವುಂಟು. ನಮ್ಮ ಮಕ್ಕಳು ಪ್ರತಿವರ್ಷ ಮಹಾರಾಷ್ಟ್ರ ಸರಕಾರದ ಎಲಿಮೆಂಟರಿ, ಇಂಟರ್‌ಮೀಡಿಯೆಟ್ ಚಿತ್ರಕಲಾ ಪರೀಕ್ಷೆಗಳಿಗೆ ಕುಳಿತುಕೊಳ್ಳುತ್ತಾರೆ. ಉತ್ತಮ ಶ್ರೇಣಿಗಳನ್ನೂ ಗಳಿಸುತ್ತಾರೆ. ಆದರೆ ಅವರ ಕೈಯಲ್ಲಿ ಪೆನ್ಸಿಲಿಗಿಂತ ರಬ್ಬರೇ ಹೆಚ್ಚು ಸವೆಯುತ್ತದೆ. ಅಳಿಸಬಹುದೆಂಬ ಭರವಸೆಯಿಂದ ಎಳೆದ ರೇಖೆಯಲ್ಲಿ ಜೀವವಿರುವುದಿಲ್ಲ. ಕಣ್ಣು ವಸ್ತುವನ್ನು ನೋಡುವ ಮೊದಲೇ ಕೈ ತಿದ್ದಲು ಸಿದ್ಧವಾಗಿರುತ್ತದೆ. ವಾರಕ್ಕೊಂದು ತಾಸು ರಬ್ಬರನ್ನು ಪಕ್ಕಕ್ಕಿಟ್ಟು ಮಸಿ ಹಿಡಿಸಿದರೆ ಈ ರೋಗಕ್ಕೆ ಒಳ್ಳೆಯ ಔಷಧವಾದೀತು. ಅದಕ್ಕೆ ನಾರಾದಿಂದ ಏನನ್ನೂ ತರಿಸಬೇಕಾಗಿಲ್ಲ.

ಔಡಲೆಣ್ಣೆ ಅಥವಾ ನಮ್ಮ ಹೊಲಗಳ ಕುಸುಬಿ ಎಣ್ಣೆಯ ದೀಪದ ಮೇಲೆ, ಹಿರಿಯರ ಎದುರಿನಲ್ಲಿ, ಬಟ್ಟಲಿಟ್ಟು ಕರಿ ಹಿಡಿಯಬೇಕು. ಕಣ್ಣಿನ ಕಾಡಿಗೆಗೆ ತುಪ್ಪ ಬೆರೆಸುವಂತೆ ಇದಕ್ಕೆ ಬೆರೆಸಬಾರದು, ಜಿಡ್ಡು ನೀರನ್ನು ದೂರವಿಡುತ್ತದೆ. ತೊಗಲಿನ ಅಂಟನ್ನು ಪುಸ್ತಕಕ್ಕೆ ಮುಟ್ಟಿಸಲೊಪ್ಪದ ಮನೆಗಳು ನಮ್ಮಲ್ಲಿ ಅನೇಕ. ಅವರು ಜಾಲಿಯ ಗೋಂದನ್ನು ಬಳಸಬಹುದು, ನಮ್ಮ ಹಿರಿಯರ ಬರೆವ ಮಸಿಯೂ ಗೋಂದಿನದೇ. ಅದನ್ನು ರಾತ್ರಿ ನೆನೆಹಾಕಿ ಬೆಳಿಗ್ಗೆ ಬಟ್ಟೆಯಲ್ಲಿ ಸೋಸಬೇಕು. ಕರಿಗೆ ಮೊದಲೇ ನೀರು ಹಾಕಿದರೆ ಅದು ತೇಲಿ ಹಾರುತ್ತದೆ. ಆದುದರಿಂದ ಗೋಂದಿನ ದ್ರವವನ್ನು ಹನಿಹನಿಯಾಗಿ ಸೇರಿಸಿ ಗಟ್ಟಿ ಮುದ್ದೆಯಾಗುವಂತೆ ಬಹಳ ಹೊತ್ತು ಅರೆದು, ಆಮೇಲೆ ನೀರು ಬೆರೆಸಬೇಕು. ಗೋಂದು ಹೆಚ್ಚಾದರೆ ಮಸಿ ಹೊಳೆಯುತ್ತದೆ, ಬಿರಿಯುತ್ತದೆ. ಕಡಮೆಯಾದರೆ ಒಣಗಿದ ಮೇಲೆ ಬೆರಳಿಗೆ ಹತ್ತುತ್ತದೆ. ಅಂಗಡಿಯಲ್ಲಿ ಸಿಗುವ ನೀರಿಗೆ ಬಿಡದ ‘ಇಂಡಿಯನ್ ಇಂಕ್’ ಈ ಕೆಲಸಕ್ಕೆ ಬಾರದು. ಅದರಲ್ಲಿ ಅರಗು ಇರುವುದರಿಂದ ಒಣಗಿದರೆ ಕುಂಚ ಹಾಳಾಗುತ್ತದೆ. ಕಾಗದದ ಪರೀಕ್ಷೆ ಸುಲಭ. ಒಂದು ಹನಿ ನೀರು ಬಿಟ್ಟು ನೋಡಬೇಕು. ಹನಿ ಮುತ್ತಿನಂತೆ ನಿಂತರೆ ಅದು ಲೇಖನಿಯ ಕಾಗದ, ಕೂಡಲೇ ಇಂಗಿದರೆ ಕುಂಚದ ಕಾಗದ. ಪತ್ರಿಕೆ ಅಚ್ಚುಹಾಕುವ ಕೋರಾ ಕಾಗದ ಅಭ್ಯಾಸಕ್ಕೆ ಸಾಕು.

ಬಿದಿರು ನಮ್ಮ ಬಯಲುಸೀಮೆಯ ಮಕ್ಕಳ ಕಣ್ಣಿಗೆ ಅಷ್ಟಾಗಿ ಬೀಳುವುದಿಲ್ಲ. ಆದರೆ ಹಿಂಗಾರಿಯ ಮಾಲದಂಡಿ ಜೋಳದ ದಂಟಿಗೂ ಗೆಣ್ಣುಗಳಿವೆ, ಗೆಣ್ಣಿನಿಂದ ಹೊರಟು ಬಾಗುವ ಉದ್ದ ಎಲೆಗಳಿವೆ, ಮೇಲೆ ತೆನೆಯೂ ಇದೆ. ಬುಡದಿಂದ ಮೇಲಕ್ಕೆ, ಗೆಣ್ಣಿಗೊಮ್ಮೆ ತಡೆದು, ಒಂದು ಎಲೆಗೆ ಒಂದೇ ಎಳೆತ, ಹೀಗೆ ಮೊದಲ ಪಾಠವಾಗಿ ಅದನ್ನೇ ಬರೆಯಿಸಬೇಕು. ತೆನೆಯ ಕಾಳುಗಳಿಗೆ ಕುಂಚದ ತುದಿಯನ್ನು ಒತ್ತಿ ಎತ್ತಿದರೆ ಸಾಕು. ಮೊದಲ ಇಪ್ಪತ್ತು ಹಾಳೆಗಳು ಕೆಡುತ್ತವೆಂದು ಮಕ್ಕಳಿಗೂ ಪಾಲಕರಿಗೂ ಮುಂಚೆಯೇ ತಿಳಿಸಿರಬೇಕು. ಪಾಠ ಮುಗಿದ ಮೇಲೆ ಕುಂಚವನ್ನು ಸಾಬೂನಿಲ್ಲದೆ ತಣ್ಣೀರಿನಲ್ಲಿ, ಬುಡದಲ್ಲಿ ಸಿಕ್ಕಿದ ಮಸಿ ಪೂರ್ತಿ ಬಿಡುವವರೆಗೆ ತೊಳೆದು, ಬೆರಳಿನಿಂದ ತುದಿಯನ್ನು ಚೂಪು ಮಾಡಿ, ಕೂದಲು ಕೆಳಮುಖವಾಗಿರುವಂತೆ ನೆರಳಿನಲ್ಲಿ ತೂಗುಹಾಕಬೇಕು.